ಗೆಳೆಯರ ಒತ್ತಾಯಕ್ಕೆ ‘ಬ್ಯಾಡ’ ಎನ್ನುವ ಬಗೆ

ಕಲಬುರಗಿಯಲ್ಲಿ ಸಂಜೆ ಟ್ಯೂಷನ್ ಬಿಟ್ಟ ಮೇಲೆ ಗೆಳೆಯರೆಲ್ಲ ಚಹಾ ಅಂಗಡಿಯ ಮುಂದೆ ನಿಂತಿರುವಾಗ, ಒಬ್ಬ ಗುಟ್ಕಾ ಪಾಕೀಟು ಹರಿದು ಅಂಗೈಗೆ ಸುರಿದುಕೊಂಡು, ‘ಒಂದ್ಸಲ ತಿಂದ್ರ ಏನಾಗ್ತದಲೇ?’ ಎಂದು ಕೈ ಚಾಚಿದರೆ, ಯೋಚಿಸಲು ನಿಮಗೆ ಸಿಗುವುದು ಎರಡು ಮೂರು ಕ್ಷಣ ಮಾತ್ರ. ಆದ್ದರಿಂದ ಆಡಬೇಕಾದ ಮಾತನ್ನು ಮನೆಯಲ್ಲಿಯೇ ನಿರ್ಧರಿಸಿ, ಬಾಯಿಬಿಟ್ಟು ನಾಲ್ಕಾರು ಸಲ ಹೇಳಿ ರೂಢಿಸಿಕೊಳ್ಳಬೇಕು.

ಆ ಮಾತು ಚಿಕ್ಕದಿರಲಿ. ‘ಬ್ಯಾಡೋ, ನಾ ತಿನ್ನಂಗಿಲ್ಲ’ ಎಂದರೆ ಸಾಕು. ‘ಇವತ್ತು ಹೊಟ್ಟಿ ಸರಿಯಿಲ್ಲ’ ಎಂಬ ನೆಪ ಹೇಳಿದರೆ ನಾಳೆ ಅದೇ ಪಾಕೀಟು ಮತ್ತೆ ಎದುರಿಗೆ ಬರುತ್ತದೆ. ‘ಅಪ್ಪ ಬೈತಾರ’ ಎಂದರೆ ‘ಅವರಿಗೆ ಯಾರ್ ಹೇಳ್ತಾರ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೇಡವೆಂದ ಕೂಡಲೇ ಬೇರೆ ವಿಷಯ ತೆಗೆಯಿರಿ ಅಥವಾ ಸೈಕಲ್ ಹತ್ತಿ ಹೊರಡಿ. ಉಪದೇಶ ಮಾತ್ರ ಬೇಡ. ನಾಲ್ಕು ಜನರ ಮುಂದೆ ಸಣ್ಣವನಾದ ಗೆಳೆಯ ಹಟಕ್ಕೆ ಬೀಳುತ್ತಾನೆ.

ಇದಕ್ಕಿಂತಲೂ ಮುಖ್ಯವೆಂದು ನಾನು ನಂಬಿರುವುದು, ಜೊತೆಗೊಬ್ಬರು ಇರಬೇಕೆಂಬುದನ್ನು. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಸುಲಭ ಪರೀಕ್ಷೆ ನಡೆಸಿದಾಗ, ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಹೇಳಿದ ಸುತ್ತುಗಳಲ್ಲಿ ಪರೀಕ್ಷೆಗೆ ಒಳಗಾದವರ ಸುಮಾರು ಮೂರನೇ ಒಂದರಷ್ಟು ಉತ್ತರಗಳು ಗುಂಪಿನ ಹಿಂದೆಯೇ ಹೋದವು. ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೂ ಆ ಪ್ರಮಾಣ ಬಹಳ ಇಳಿಯಿತು. ನಿಮ್ಮ ಗುಂಪಿನಲ್ಲಿಯೂ ಒಳಗೊಳಗೇ ಬೇಡವೆನ್ನುವವರು ಇದ್ದೇ ಇರುತ್ತಾರೆ. ಅವರನ್ನು ಗುರುತಿಸಿ, ‘ನಾ ಬ್ಯಾಡ ಅಂದಾಗ ನೀನೂ ಅನ್ನು’ ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ. ಬೇರೆ ಯಾರಾದರೂ ಒಂಟಿಯಾಗಿ ನಿರಾಕರಿಸುತ್ತಿದ್ದರೆ ಆ ಎರಡನೆಯ ದನಿ ನಿಮ್ಮದಾಗಲಿ.

ಬೈಕಿನ ವಿಷಯದಲ್ಲಿ ಕಾರಣ ಹೇಳಿದರೂ ತಪ್ಪಿಲ್ಲ, ಏಕೆಂದರೆ ಅದು ವಾದಕ್ಕೆ ಎಡೆಗೊಡದ ಕಾರಣ. ರಿಂಗ್ ರಸ್ತೆಯಲ್ಲಿ ಗಾಡಿ ಓಡಿಸಿ ತೋರಿಸೆಂದು ಹುರಿದುಂಬಿಸುವವರಿಗೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯನ್ನು ತಿಳಿಸಿ: 18 ತುಂಬದವರು ನಿಯಮ ಮೀರಿ ಗಾಡಿ ಓಡಿಸಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲಾಗಬಹುದು, ಓಡಿಸಿದವರಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಹೊಡೆಯುವ ಬೆದರಿಕೆ, ಫೋಟೊ ಹರಿಬಿಡುವ ಬೆದರಿಕೆ ಬಂದರೆ ಅದು ಗೆಳೆತನದ ಒತ್ತಾಯವಾಗಿ ಉಳಿಯುವುದಿಲ್ಲ. ಆಗ ಒಬ್ಬರೇ ನಿಭಾಯಿಸಲು ಹೋಗದೆ, ಅದೇ ದಿನ ಮನೆಯಲ್ಲಿ ಅಥವಾ ನಂಬಿಕೆಯ ಶಿಕ್ಷಕರಿಗೆ ತಿಳಿಸಿ. ಅವರಿಗೆ ಹೇಳಲಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು.