ಪಿಎಚ್.ಡಿ. ಮಹಾಪ್ರಬಂಧ: ಪ್ರಶ್ನೆಯಿಂದ ವೈವಾವರೆಗೆ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದವರನ್ನು ಊರಿನವರು ಕೇಳುವುದು ಸಾಮಾನ್ಯವಾಗಿ ಒಂದೇ: ‘ಥೀಸಿಸ್ ಎಷ್ಟು ಪುಟ ಆಯ್ತು?’ ಪರೀಕ್ಷಕರು ಮೊದಲು ನೋಡುವುದು ಮಾತ್ರ ಬೇರೆ. ಇಲ್ಲಿ ಕೇಳಿರುವ ಪ್ರಶ್ನೆ ಯಾವುದು, ಸಂಶೋಧಕರ ಉತ್ತರವೇನು, ಅದಕ್ಕೆ ಆಧಾರವೇನು? ಈ ಮೂರೂ ಸ್ಪಷ್ಟವಿಲ್ಲದಿದ್ದರೆ ನಾನೂರು ಪುಟವೂ ಬರೀ ಮಾಹಿತಿಯ ಕಂತೆ.

ಹೆಸರಿನ ಗೊಂದಲವನ್ನು ಮೊದಲೇ ಮುಗಿಸೋಣ. ನಮ್ಮಲ್ಲಿ ಪಿಎಚ್.ಡಿ.ಗೆ ಸಲ್ಲಿಸುವುದು ಥೀಸಿಸ್, ಅಂದರೆ ಮಹಾಪ್ರಬಂಧ. ಎಂ.ಎ. ವಿದ್ಯಾರ್ಥಿಗಳು ಬರೆಯುವುದು ಡಿಸರ್ಟೇಶನ್ ಅಥವಾ ಕಿರುಪ್ರಬಂಧ. ಅಮೆರಿಕದಲ್ಲಿ ಬಹುಮಟ್ಟಿಗೆ ಇದು ತಿರುವುಮುರುವು. ಅಲ್ಲಿನ ‘ಮಾಸ್ಟರ್ಸ್ ಥೀಸಿಸ್’ ಅನ್ನು ಡಾಕ್ಟರೇಟ್ ಎಂದುಕೊಂಡು ಉಲ್ಲೇಖಿಸುವವರು ಈಗಲೂ ಇದ್ದಾರೆ. ಎಂ.ಎ. ಮತ್ತು ಪಿಎಚ್.ಡಿ. ನಡುವಿನ ಸಂಶೋಧನಾ ಪದವಿಯಾಗಿದ್ದ ಎಂ.ಫಿಲ್. ಅನ್ನು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ಅದೇ ನಿಯಮಾವಳಿಯ ಪ್ರಕಾರ ಪಿಎಚ್.ಡಿ. ಅವಧಿ ಕೋರ್ಸ್‌ವರ್ಕ್ (ಆರಂಭದ ತರಗತಿ ಪಾಠಗಳು) ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ.

ಪ್ರಶ್ನೆ ಕಟ್ಟಿಕೊಳ್ಳಿ

‘ಮಲೆನಾಡಿನ ಅಡಿಕೆ ಕೃಷಿ: ಒಂದು ಅಧ್ಯಯನ’ ಎಂಬಂಥ ಶೀರ್ಷಿಕೆಯಿಂದ ದೂರವಿರಿ. ‘ಒಂದು ಅಧ್ಯಯನ’ ಎಂದು ಕೊನೆಗೆ ಸೇರಿಸಿದರೆ ಪ್ರಶ್ನೆ ಇಲ್ಲದಿರುವುದು ಮುಚ್ಚಿಹೋಗುವುದಿಲ್ಲ. ಮೊದಲು ಸ್ಥಳ ಕುಗ್ಗಿಸಿ: ಸಾಗರ ತಾಲ್ಲೂಕಿನ ಕೆಲವು ಹಳ್ಳಿಗಳು ಸಾಕು. ಬಳಿಕ ವಿಷಯ ಕುಗ್ಗಿಸಿ: ತೋಟಕ್ಕೆ ಗೊಬ್ಬರವಾಗಿ ಸೊಪ್ಪಿನಬೆಟ್ಟದಿಂದ (ಅಡಿಕೆ ತೋಟಗಳಿಗೆ ಸೊಪ್ಪು ಒದಗಿಸುವ ಕಾಡುಬೆಟ್ಟ) ತರುವ ಹಸಿಸೊಪ್ಪು, ದರಕು ಅಂದರೆ ಒಣಗಿದ ಎಲೆ. ಆಮೇಲೆ ಕೇಳಿ: ಸೊಪ್ಪು ಹಾಕುವುದನ್ನು ಬಿಟ್ಟವರು ಏಕೆ ಬಿಟ್ಟರು?

ಈಗ ಒಂದು ಪ್ರಾಕ್ಕಲ್ಪನೆ, ಅಂದರೆ ಪರೀಕ್ಷಿಸಿ ನೋಡಬಹುದಾದ ಊಹೆ, ಬರೆಯಿರಿ. ಉದಾಹರಣೆಗೆ, ‘ಬೆಟ್ಟ ಬರಿದಾದದ್ದಕ್ಕಿಂತ ಕೂಲಿಯಾಳು ಸಿಗದಿರುವುದೇ ಮುಖ್ಯ ಕಾರಣ’. ಇದು ಸುಳ್ಳಾಗಲೂಬಹುದು, ಹಾಗಾಗಿಯೇ ಪರೀಕ್ಷೆಗೆ ಯೋಗ್ಯ. ಬೆಟ್ಟ ಚೆನ್ನಾಗಿದ್ದೂ ಆಳಿಲ್ಲದ ಮನೆಗಳನ್ನು, ಬೆಟ್ಟ ಬೋಳಾಗಿದ್ದರೂ ದುಡಿಯುವ ಕೈಗಳಿರುವ ಮನೆಗಳ ಜೊತೆ ಹೋಲಿಸಿದರೆ ಉತ್ತರ ಯಾವ ಕಡೆ ವಾಲುತ್ತದೆಂದು ತಿಳಿಯುತ್ತದೆ. ‘ಸೊಪ್ಪಿನಬೆಟ್ಟ ಬಹಳ ಮಹತ್ವದ್ದು’ ಎಂಬುದು ಪ್ರಾಕ್ಕಲ್ಪನೆಯಲ್ಲ. ಅದನ್ನು ಅಲ್ಲಗಳೆಯುವವರೇ ಇಲ್ಲ.

ವಿಷಯ ನೋಂದಾಯಿಸುವ ಮುನ್ನ ಶೋಧಗಂಗಾ ಜಾಲತಾಣದಲ್ಲಿ ಹುಡುಕಿ. ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಶಿವಮೊಗ್ಗ, ಶಿಮೊಗ್ಗ ಎರಡೂ ಕಾಗುಣಿತದಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಹುಡುಕಬೇಕು. ಇಲ್ಲದಿದ್ದರೆ ಅರ್ಧ ತಪ್ಪಿಹೋಗುತ್ತದೆ.

ಕ್ಷೇತ್ರಕಾರ್ಯ

ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ, ಆಮೇಲೆ ಕೊನೆಕೊಯ್ಲು, ಸುಲಿಯುವುದು, ಬೇಯಿಸುವುದರ ನಡುವೆ ಬೆಳೆಗಾರರು ಮಾತಿಗೆ ಸಿಗುವುದಿಲ್ಲ. ಸಿಕ್ಕರೂ ಪ್ರಶ್ನಾವಳಿಗೆ ಹೂಂ-ಉಹುಂ ಎಂದು ಕಳಿಸಿಬಿಡುತ್ತಾರೆ. ಫೆಬ್ರುವರಿಯಿಂದ ಏಪ್ರಿಲ್ ಅನುಕೂಲ; ಬೆಟ್ಟದಲ್ಲಿ ದರಕು ಗುಡಿಸುವುದನ್ನು ಕಣ್ಣಾರೆ ನೋಡಬಹುದು.

‘ವರ್ಷಕ್ಕೆ ಎಷ್ಟು ಹೊರೆ?’ ಎಂದು ಕೇಳಿ ಬರುವ ಸಂಖ್ಯೆಯನ್ನು ಹಾಗೇ ಕೂಡಬೇಡಿ. ಒಂದೂರಿನ ಹೊರೆ ಇನ್ನೊಂದೂರಿನ ಹೊರೆಯಷ್ಟಿರುವುದಿಲ್ಲ. ಹಸಿಸೊಪ್ಪಿನ ತೂಕ ಬೇರೆ, ದರಕಿನದು ಬೇರೆ. ಪ್ರತಿ ಹಳ್ಳಿಯಲ್ಲೂ ಐದಾರು ಹೊರೆಗಳನ್ನು ತಕ್ಕಡಿಗೆ ಹಾಕಿ, ಸರಾಸರಿ ಕಿಲೋ ತೆಗೆದು, ಅದರಿಂದ ಗುಣಿಸಿ. ಈ ಲೆಕ್ಕದ ವಿಧಾನ ಪ್ರಬಂಧದೊಳಗೇ ಬರಬೇಕು. ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಕೈಯಿಡುವುದು ಇಂಥ ಜಾಗಕ್ಕೇ. ಇನ್ನೊಂದು ದೊಡ್ಡ ದೋಷ, ಜಗಲಿಯಲ್ಲಿ ಕೂತ ಯಜಮಾನರನ್ನಷ್ಟೇ ಮಾತಾಡಿಸಿ ಬರುವುದು. ಸೊಪ್ಪು ಕಡಿದವರು, ಹೊತ್ತವರು, ಕೊಟ್ಟಿಗೆಗೆ ಹಾಸಿದ ಹೆಂಗಸರು ಹೇಳುವ ಕಾರಣ ಬೇರೆಯೇ ಇರಬಹುದು.

ಬರವಣಿಗೆ

ಪ್ರಸ್ತಾವನೆಯಿಂದ ಶುರು ಮಾಡಿದವರು ಅಲ್ಲೇ ಆರು ತಿಂಗಳು ಸಿಕ್ಕಿಹಾಕಿಕೊಳ್ಳುತ್ತಾರೆ. ಅಧ್ಯಯನ ವಿಧಾನದ ಅಧ್ಯಾಯ ಮೊದಲು ಬರೆಯಿರಿ, ಆಮೇಲೆ ಫಲಿತಾಂಶ, ಚರ್ಚೆ. ಪ್ರಸ್ತಾವನೆ ಕೊನೆಗೆ. ಪೂರ್ವ ಅಧ್ಯಯನಗಳ ಸಮೀಕ್ಷೆಯಲ್ಲಿ ಒಂದು ಪುಸ್ತಕಕ್ಕೊಂದು ಪ್ಯಾರಾ ಎಂದು ಪೋಣಿಸಬೇಡಿ. ನಿಮ್ಮ ಪ್ರಶ್ನೆಗೆ ಒಂದೇ ಬಗೆಯ ಉತ್ತರ ಕೊಟ್ಟವರನ್ನು ಒಟ್ಟಿಗೆ ಇಟ್ಟು, ಅವರು ಎಲ್ಲಿ ನಿಂತರು ಎಂದು ತೋರಿಸಿ.

ಟೈಪಿಂಗ್ ಮತ್ತು ಹೋಲಿಕೆ ಪರೀಕ್ಷೆ

ಕನ್ನಡದಲ್ಲಿ ಬರೆಯುವವರು ಮೊದಲ ದಿನದಿಂದಲೇ ಯೂನಿಕೋಡ್ ಬಳಸಿ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನ ಕಡತವನ್ನು ಕಂಪ್ಯೂಟರು ರೋಮನ್ ಅಕ್ಷರ, ಚಿಹ್ನೆಗಳ ಸಾಲಾಗಿ ಓದುತ್ತದೆ. ಅದರ ಹೋಲಿಕೆ ವರದಿ (ಬೇರೆ ಬರಹಗಳ ಜೊತೆ ಎಷ್ಟು ಹೊಂದುತ್ತದೆಂದು ತಂತ್ರಾಂಶ ಕೊಡುವ ಲೆಕ್ಕ) ಸೊನ್ನೆ ಬಂದರೆ ಖುಷಿಪಡುವಂಥದ್ದೇನಿಲ್ಲ, ಪರೀಕ್ಷೆಯೇ ನಡೆದಿಲ್ಲ. ಕೊನೆಗಳಿಗೆಯಲ್ಲಿ ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು ಕೆಟ್ಟು ಪುಟಪುಟವೂ ತಿದ್ದಬೇಕಾಗುತ್ತದೆ. ಅಧ್ಯಾಯದ ತಲೆಬರಹಗಳಿಗೆ ಕೈಯಿಂದ ಬೋಲ್ಡ್ ಹಾಕುವ ಬದಲು ‘ಹೆಡಿಂಗ್’ ಸ್ಟೈಲ್ ಕೊಡಿ, ಪರಿವಿಡಿ ತಾನಾಗಿ ಬರುತ್ತದೆ. ಬೈಂಡಿಂಗ್‌ಗಾಗಿ ಎಡಗಡೆ ಒಂದೂವರೆ ಇಂಚು ಬಿಡುವುದು ರೂಢಿ.

ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40ರೊಳಗಿದ್ದರೆ ಆರು ತಿಂಗಳೊಳಗಿನ ಗಡುವಿನಲ್ಲಿ ತಿದ್ದಿ ಸಲ್ಲಿಸಬೇಕು. 40ರಿಂದ 60ರೊಳಗಿದ್ದರೆ ತಿದ್ದಿದ ಪ್ರತಿ ಕೊಡಲು ಒಂದು ವರ್ಷ ತಡೆ. 60 ಮೀರಿದರೆ ನೋಂದಣಿಯೇ ರದ್ದು. ಆಧಾರ ಸೂಚಿಸಿದ ಉದ್ಧರಣೆ, ಗ್ರಂಥಋಣ, ಪರಿವಿಡಿ, ಕೃತಜ್ಞತೆ ಈ ಲೆಕ್ಕಕ್ಕೆ ಬರುವುದಿಲ್ಲ.

ಸಲ್ಲಿಕೆ

ಮಾರ್ಗದರ್ಶಕರ ಜೊತೆ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ಪ್ರಬಂಧ ಓದುತ್ತಾರೆ. ವರದಿ ತೃಪ್ತಿಕರವಾಗಿದ್ದರೆ ವೈವಾ. ಈ ಇಡೀ ಪ್ರಕ್ರಿಯೆ ಸಲ್ಲಿಸಿದ ಆರು ತಿಂಗಳೊಳಗೆ ಮುಗಿಯಬೇಕೆಂದು 2022ರ ನಿಯಮಾವಳಿ ಹೇಳುತ್ತದೆ. ಪರೀಕ್ಷಕರ ಆಕ್ಷೇಪಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಎದುರಿಗೆ ಉತ್ತರ ಮತ್ತು ಪುಟಸಂಖ್ಯೆ ಬರೆದುಕೊಂಡು ಹೋಗಿ. ಕೊನೆಯ ಸಾಫ್ಟ್ ಕಾಪಿ ಶೋಧಗಂಗಾಕ್ಕೆ ಹೋಗುತ್ತದೆ. ಕೊಡುವ ಮೊದಲು ಪಿಡಿಎಫ್‌ನಲ್ಲಿ ‘ಸೊಪ್ಪಿನಬೆಟ್ಟ’ ಎಂದು ಟೈಪಿಸಿ ಹುಡುಕಿ. ಪದ ಸಿಗದಿದ್ದರೆ ಫಾಂಟ್ ಸರಿಪಡಿಸಿ ಮತ್ತೆ ಪಿಡಿಎಫ್ ಮಾಡಿ.