ಗಾಳಿಯ ದಾರಿ ನೋಡಿ ವ್ಯಾಕ್ಯೂಮ್ ಕ್ಲೀನರ್ ಕೊಳ್ಳಿ

ದಸರಾಕ್ಕೆ ಇನ್ನು ಹದಿನೈದು ದಿನ ಅನ್ನುವಾಗ ನನ್ನ ಫೋನಿಗೆ ಒಂದೇ ಬಗೆಯ ಕರೆಗಳು ಶುರುವಾಗುತ್ತವೆ. "ಅಟ್ಟದಿಂದ ವ್ಯಾಕ್ಯೂಮ್ ಕ್ಲೀನರ್ ಇಳಿಸಿದ್ವಿ. ಸದ್ದು ಜೋರಾಗಿ ಬರ್ತಿದೆ, ಕಸ ಮಾತ್ರ ಎಳೀತಿಲ್ಲ. ಮೋಟಾರು ಹೋಯ್ತಾ?" ದಾವಣಗೆರೆಯ ಚಿಕ್ಕಮ್ಮನೂ ಹೀಗೇ ಕೇಳಿದ್ದರು. ಅವರ ಮಷಿನ್ ಎರಡು ವರ್ಷ ಅಟ್ಟದಲ್ಲೇ ಕೂತಿತ್ತು. ಹೋಗಿ ನೋಡಿದೆ. ಪೈಪಿನ ಹಿಡಿಕೆಯ ಮೇಲೆ ಒಂದು ಪುಟ್ಟ ಜಾರುವ ಮುಚ್ಚಳ ಇರುತ್ತದೆ. ಅದು ಪೂರ್ತಿ ತೆರೆದಿತ್ತು. ಗಾಳಿಯೆಲ್ಲ ಅಲ್ಲಿಂದಲೇ ಒಳಗೆ ನುಗ್ಗುತ್ತಿತ್ತು, ಕೆಳಗಿನ ಬಾಯಿಗೆ ಏನೂ ಉಳಿದಿರಲಿಲ್ಲ. ಹೆಬ್ಬೆರಳಿನಿಂದ ಮುಚ್ಚಿದೆ, ಸರಿಹೋಯಿತು. "ಅಯ್ಯೋ, ಎರಡು ವರ್ಷ ಸೊಂಟ ಬಗ್ಗಿಸಿ ಸೋಫಾ ಕೆಳಗೆ ಗುಡಿಸಿದೆನಲ್ಲೇ" ಅಂದರು. ನನಗೆ ನಿಜಕ್ಕೂ ಸಂಕಟವಾಯಿತು. ಆ ಮುಚ್ಚಳ ಯಾಕಿದೆ ಅಂತ ಮಾರಿದವರು ಒಂದು ಮಾತು ಹೇಳಿರಲಿಲ್ಲ.

ಅದು ಪರದೆ, ಸೊಳ್ಳೆಪರದೆಯಂಥ ಹಗುರ ಬಟ್ಟೆಗೆ. ತೆರೆದರೆ ಎಳೆತ ಕಡಿಮೆಯಾಗುತ್ತದೆ, ಬಟ್ಟೆ ಬಾಯಿಗೆ ಅಂಟಿಕೊಳ್ಳುವುದಿಲ್ಲ. ನೆಲಕ್ಕೆ ಯಾವಾಗಲೂ ಮುಚ್ಚಿರಬೇಕು.

ಕೊಳ್ಳುವ ಮೊದಲು ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಐದು ನಿಮಿಷ ಕೊಟ್ಟು ತಿಳಿದುಕೊಳ್ಳಿ. ಮೋಟಾರು ಒಂದು ಫ್ಯಾನನ್ನು ಬಹಳ ವೇಗವಾಗಿ ತಿರುಗಿಸುತ್ತದೆ. ಫ್ಯಾನು ಒಳಗಿನ ಗಾಳಿಯನ್ನು ಹಿಂದಿನಿಂದ ಹೊರಗೆ ತಳ್ಳುತ್ತದೆ. ಒಳಗೆ ಒತ್ತಡ ಇಳಿಯುತ್ತದೆ. ಆಗ ಕೋಣೆಯ ಗಾಳಿ ಮುಂದಿನ ಬಾಯಿಯಿಂದ ಒಳಗೆ ನುಗ್ಗುತ್ತದೆ, ಬರುವಾಗ ಧೂಳನ್ನೂ ಹೊತ್ತು ತರುತ್ತದೆ. ಧೂಳನ್ನು ಹೊತ್ತು ತರುವುದು ಹರಿಯುವ ಗಾಳಿ. ಗಾಳಿ ಎಲ್ಲಿ ನಿಂತಿತೋ ಅಲ್ಲಿಗೆ ಕೆಲಸ ನಿಂತಿತು. ಈ ಒಂದು ಮಾತು ತಲೆಯಲ್ಲಿದ್ದರೆ ಆಯ್ಕೆಯೂ ಸುಲಭ, ರಿಪೇರಿಯೂ ಸುಲಭ.

ಹೆಜ್ಜೆ 1: ನಿಮ್ಮ ಮನೆ ನೋಡಿ

ಟೈಲ್ಸ್, ಮೊಸಾಯಿಕ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲ ಇರುವ ಮನೆಗೆ ಕಾರ್ಪೆಟ್ಟಿಗೆಂದು ಮಾಡಿದ ಗಟ್ಟಿ ತಿರುಗುವ ಬ್ರಷ್ ಬೇಡ. ಉದ್ದ ಕೂದಲಿನವರು ಇರುವ ಮನೆಯಲ್ಲಿ ಅದಕ್ಕೆ ಕೂದಲು ಸುತ್ತಿಕೊಂಡು ವಾರಕ್ಕೊಮ್ಮೆ ಕತ್ತರಿ ಹಿಡಿದು ಕೂರಬೇಕಾಗುತ್ತದೆ. ನಮಗೆ ಬೇಕಾದದ್ದು ಮೃದು ಬ್ರಷ್ಷಿನ ಅಗಲ ಬಾಯಿ, ಸ್ಲೈಡಿಂಗ್ ಕಿಟಕಿಯ ಚಾನೆಲ್‌ಗೆ ಮತ್ತು ಸೋಫಾ ಸಂದಿಗೆ ಚಪ್ಪಟೆ ಮೂತಿ, ಹಾಸಿಗೆಗೆ ಒಂದು ಬಾಯಿ, ಜೇಡರ ಬಲೆಗೆ ಉದ್ದ ಪೈಪು. ಇಷ್ಟು ಬಂದರೆ ಸಾಕು. ಹನ್ನೆರಡು ಬಿಡಿಭಾಗ ಕೊಡುತ್ತೇವೆ ಅಂದರೆ ಖುಷಿಪಡಬೇಡಿ, ಎಂಟು ಡಬ್ಬದಲ್ಲೇ ಉಳಿಯುತ್ತವೆ.

ಪ್ಲಗ್ ಪಾಯಿಂಟನ್ನೂ ನೋಡಿ. 1400 ವ್ಯಾಟಿನ ಮಷಿನ್ 230 ವೋಲ್ಟಿನಲ್ಲಿ 6 ಆಂಪಿಯರ್ ದಾಟುತ್ತದೆ. ಹಾಲಿನ ಚಿಕ್ಕ ಪಾಯಿಂಟ್ ಇರುವುದೇ 6 ಆಂಪಿಯರ್‌ಗೆ. ಅದಕ್ಕೊಂದು ಅಗ್ಗದ ಎಕ್ಸ್‌ಟೆನ್ಶನ್ ಬಾಕ್ಸ್ ಸಿಕ್ಕಿಸಿ ಅರ್ಧ ಗಂಟೆ ಓಡಿಸಿದರೆ ಬಾಕ್ಸು ಬಿಸಿಯಾಗಿ ಕರಗಿದ್ದನ್ನು ನಾನೇ ನೋಡಿದ್ದೇನೆ. ಅಷ್ಟು ವ್ಯಾಟಿನದಕ್ಕೆ 16 ಆಂಪಿಯರ್‌ನ ಪವರ್ ಪಾಯಿಂಟೇ ಬೇಕು. ಕರೆಂಟ್ ಹೋದಾಗ ಮನೆಯ ಯುಪಿಎಸ್ ಮೇಲೆ ಓಡಿಸುವ ಯೋಚನೆ ಬಿಟ್ಟುಬಿಡಿ.

ಹೆಜ್ಜೆ 2: ಡಬ್ಬದ ಮೇಲಿನ ಅಂಕಿ ಓದಿ

ಜನ ಮೊದಲು ಎಡವುವುದು ಇಲ್ಲಿ. ಅಂಗಡಿಯವರು "ಮೇಡಂ ಇದು 1600 ವ್ಯಾಟ್, ಅದು ಬರೀ 1200" ಅನ್ನುತ್ತಾರೆ. ವ್ಯಾಟ್ ಅಂದರೆ ಮೋಟಾರು ಕುಡಿಯುವ ಕರೆಂಟಿನ ಲೆಕ್ಕ. ಎಷ್ಟು ಕಸ ಎತ್ತುತ್ತದೆ ಅನ್ನುವ ಲೆಕ್ಕ ಅಲ್ಲ. ಯುರೋಪಿಯನ್ ಒಕ್ಕೂಟ 2014ರಲ್ಲಿ 1600 ವ್ಯಾಟ್ ಮೀರಿದ ಮನೆಬಳಕೆ ಮಷಿನ್‌ಗಳನ್ನು ಮಾರುಕಟ್ಟೆಗೆ ಬಿಡುವುದನ್ನು ನಿಲ್ಲಿಸಿತು. 2017ರಲ್ಲಿ ಆ ಮಿತಿಯನ್ನು 900ಕ್ಕೆ ಇಳಿಸಿತು. ಬಾಯಿಯ ವಿನ್ಯಾಸ, ಗಾಳಿಯ ದಾರಿ ಚೆನ್ನಾಗಿದ್ದರೆ ಕಡಿಮೆ ವ್ಯಾಟಿನಲ್ಲೂ ಮನೆ ಸ್ವಚ್ಛವಾಗುತ್ತದೆ.

ಎರಡನೇ ಅಂಕಿ ಕಿಲೋಪಾಸ್ಕಲ್. ಇದು ಎಳೆತದ ಬಲ. ಆದರೆ ಅಳೆಯುವುದು ಪೈಪಿನ ಬಾಯಿ ಪೂರ್ತಿ ಮುಚ್ಚಿದಾಗ. ಆಗ ಗಾಳಿಯೇ ಹರಿಯುತ್ತಿರುವುದಿಲ್ಲ! ಎಳನೀರಿಗೆ ಹಾಕಿದ ಸ್ಟ್ರಾ ನೆನಪಿಸಿಕೊಳ್ಳಿ. ಸ್ಟ್ರಾ ಸಣ್ಣದಿದ್ದರೆ ಕೆನ್ನೆ ಒಳಗೆ ಹೋಗುವಷ್ಟು ಎಳೆದರೂ ಬಾಯಿಗೆ ಬರುವುದು ನಾಲ್ಕು ಹನಿ. ಅಗಲ ಸ್ಟ್ರಾ ಆದರೆ ಸುಮ್ನೆ ಎಳೆದರೂ ಬಾಯಿ ತುಂಬುತ್ತದೆ. ಹಾಗೇ ಇಲ್ಲೂ ಎಳೆತದ ಜೊತೆಗೆ ಹರಿವೂ ಬೇಕು. ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಅಂತ ಕೈಪಿಡಿಯಲ್ಲಿ ಕೊಟ್ಟಿದ್ದರೆ ಅದನ್ನು ನೋಡಿ. 'ಏರ್ ವ್ಯಾಟ್' ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು, ಎಳೆತ ಮತ್ತು ಹರಿವು ಎರಡೂ ಸೇರಿದ ಲೆಕ್ಕ ಅದು.

ರೋಬೋಟ್‌ಗಳ ಡಬ್ಬದ ಮೇಲೆ 5000 ಪಾಸ್ಕಲ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಸಾವಿರ ಪಾಸ್ಕಲ್ ಸೇರಿದರೆ ಒಂದು ಕಿಲೋಪಾಸ್ಕಲ್. ಅಂದರೆ ಅದು 5 ಕಿಲೋಪಾಸ್ಕಲ್ ಅಷ್ಟೇ. ದಿನದ ಮೇಲ್ಮೇಲಿನ ಧೂಳಿಗೆ ಅದು ಸಾಕು, ಹಾಸಿಗೆಯ ಒಳಗಿನ ಧೂಳಿಗೆ ಸಾಲದು.

ಹೆಜ್ಜೆ 3: ಬಗೆ ಆರಿಸಿ

ನನ್ನ ಸಲಹೆ ನೇರವಾಗಿ ಹೇಳುತ್ತೇನೆ. ಮನೆಯಲ್ಲಿ ಉಬ್ಬಸ, ಧೂಳಿನ ಅಲರ್ಜಿ ಇದ್ದರೆ ವೈರ್ ಇರುವ, ಒಳಗೆ ಚೀಲ ಹಾಕುವ ಮಷಿನ್ ತೆಗೆದುಕೊಳ್ಳಿ. ಚೀಲ ತುಂಬಿದ ಮೇಲೆ ಹಾಗೇ ಎತ್ತಿ ಬಿಸಾಡಬಹುದು. ಚೀಲವಿಲ್ಲದ ಮಷಿನ್‌ನ ಡಬ್ಬ ಖಾಲಿ ಮಾಡುವಾಗ ಹಿಡಿದ ಧೂಳಿನಲ್ಲಿ ಒಂದಷ್ಟು ಮತ್ತೆ ಮೂಗಿಗೇ ಬರುತ್ತದೆ. ಈಗಾಗಲೇ ಅಂಥದ್ದು ಕೊಂಡಿದ್ದರೆ ಒಂದು ಉಪಾಯ ಇದೆ. ಹಳೆಯ ಪೇಪರನ್ನು ಒದ್ದೆ ಮಾಡಿ ಹರಡಿ, ಡಬ್ಬವನ್ನು ಅದರ ಹತ್ತಿರಕ್ಕೆ ಇಳಿಸಿ ಸುರಿಯಿರಿ, ಮಡಚಿ ಕಟ್ಟಿ. ಧೂಳು ಏಳುವುದಿಲ್ಲ. ಕಾಗದದ ಚೀಲವನ್ನು ಕೊಡವಿ ಮತ್ತೆ ಬಳಸುವ ಉಳಿತಾಯ ಮಾತ್ರ ಬೇಡ. ಅದು ಒಳಗೆ ಹರಿದರೆ ಧೂಳು ಸೀದಾ ಮುಂದಿನ ಫಿಲ್ಟರಿಗೆ ಹೋಗುತ್ತದೆ.

ಬಾಲ್ಕನಿ, ಕಾರು, ಮಳೆನೀರು ನುಗ್ಗುವ ಜಾಗ ಇದ್ದವರಿಗೆ ಡ್ರಮ್ಮಿನಂಥ ವೆಟ್ ಅಂಡ್ ಡ್ರೈ ಒಳ್ಳೆಯದು. ನೀರು ಎಳೆಯುವ ಮೊದಲು ಒಣ ಕಸದ ಚೀಲ, ಕಾಗದದ ಫಿಲ್ಟರ್ ತೆಗೆದು ಸ್ಪಾಂಜ್ ಹಾಕುವುದನ್ನು ಮರೆಯಬೇಡಿ. ಬರೀ ಒಣ ಕಸದ ಮಷಿನ್‌ನಲ್ಲಿ ನೀರು ಎಳೆದರೆ ಮೋಟಾರು ಸುಡುತ್ತದೆ, ಶಾಕ್ ಹೊಡೆಯುವ ಅಪಾಯವೂ ಇದೆ.

ವೈರ್ ಇಲ್ಲದ ಕೋಲಿನಂಥವು ಹಗುರ, ಹಿರಿಯರಿಗೆ ಅನುಕೂಲ. ಆದರೆ ಡಬ್ಬದ ಮೇಲೆ ಬರೆದ ನಿಮಿಷಗಳು ಅತಿ ಕಡಿಮೆ ವೇಗದಲ್ಲಿ ಸಿಗುವಂಥವು. ಪೂರ್ತಿ ವೇಗಕ್ಕೆ ಹಾಕಿದರೆ ಎಷ್ಟು ನಿಮಿಷ ಅಂತ ಬಿಡಿಸಿ ಕೇಳಿ. ಬ್ಯಾಟರಿ ಬೇರೆಯಾಗಿ ಸಿಗುತ್ತದಾ ಅಂತಲೂ ಕೇಳಿ. ಇಡೀ ಮನೆಗೆ ಇದೊಂದನ್ನೇ ನಂಬುವುದು ನನಗೆ ಒಪ್ಪಿಗೆಯಿಲ್ಲ. ರೋಬೋಟ್ ಬೇಕೆನ್ನುವವರು ಮೊದಲು ಹೊಸಿಲಿನ ಎತ್ತರ ಅಳೆಯಿರಿ. ಹೆಚ್ಚಿನವು ಎರಡು ಸೆಂಟಿಮೀಟರ್ ಹತ್ತುವುದೇ ಕಷ್ಟ. ದೇವರ ಮನೆ ಮುಂದಿನ ರಂಗೋಲಿಯನ್ನೂ ಅವು ಬಿಡುವುದಿಲ್ಲ.

ಮೊಬೈಲ್ ಚಾರ್ಜರಿನಲ್ಲಿ ಓಡುವ ಕೈಗಾತ್ರದ ಅಗ್ಗದ ಮಷಿನ್‌ಗಳನ್ನು ದಯವಿಟ್ಟು ಕೊಳ್ಳಬೇಡಿ. ಬಿಸ್ಕೆಟ್ ಪುಡಿ ಎತ್ತುವುದೂ ಅನುಮಾನ.

ಹೆಜ್ಜೆ 4: ಫಿಲ್ಟರನ್ನು ಕೈಯಲ್ಲಿ ಹಿಡಿದು ನೋಡಿ

ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಗ್ಲಿಷ್ ಎಂಜಿನಿಯರ್ 1901ರಲ್ಲಿ ಧೂಳು ಹೀರುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ ಅವರು ಮಾಡಿದ ಪರೀಕ್ಷೆ ಬಹಳ ಸರಳ. ಹೋಟೆಲಿನ ಕುರ್ಚಿಯ ಮೆತ್ತೆಯ ಮೇಲೆ ಕರ್ಚೀಫು ಇಟ್ಟು ಬಾಯಿಂದ ಎಳೆದರು. ಧೂಳು ಕರ್ಚೀಫಿನ ಕೆಳಬದಿಗೆ ಅಂಟಿತ್ತು. ಇವತ್ತಿಗೂ ವಿಷಯ ಅದೇ. ಗಾಳಿ ದಾಟಬೇಕು, ಧೂಳು ಉಳಿಯಬೇಕು. ಕರ್ಚೀಫಿನ ಜಾಗದಲ್ಲಿ ಫಿಲ್ಟರ್ ಬಂದಿದೆ.

ಹೆಪಾ ಅಂದರೆ ಅತಿ ನಯವಾದ ಧೂಳನ್ನೂ ಹಿಡಿಯುವ ಫಿಲ್ಟರ್. ಒಳ್ಳೆಯ ಹೆಪಾ ಫಿಲ್ಟರ್ 0.3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಕಣಗಳಲ್ಲಿ 99.97 ಶೇಕಡಾ ಹಿಡಿಯಬೇಕು ಅನ್ನುವುದು ಅಮೆರಿಕದ ಅಳತೆ. ಯುರೋಪಿನ ಎಚ್ 13 ದರ್ಜೆಗೆ ಇದು 99.95. ಡಬ್ಬದ ಮೇಲೆ ದರ್ಜೆ ಇರಲಿ. 'ಹೆಪಾ ಟೈಪ್', 'ಹೆಪಾ ಲೈಕ್' ಅಂತ ಬರೆದಿದ್ದರೆ ಅದಕ್ಕೆ ಯಾವ ಅಳತೆಯೂ ಇಲ್ಲ. ಫಿಲ್ಟರ್ ಕೂರುವ ಜಾಗದಲ್ಲಿ ರಬ್ಬರ್ ಅಂಚು ಇದೆಯಾ ನೋಡಿ. ಇಲ್ಲದಿದ್ದರೆ ಗಾಳಿ ಪಕ್ಕದಿಂದ ನುಸುಳುತ್ತದೆ, ಎಷ್ಟು ಒಳ್ಳೆಯ ಫಿಲ್ಟರ್ ಇದ್ದರೂ ಪ್ರಯೋಜನವಿಲ್ಲ. ಫಿಲ್ಟರನ್ನು ನೀವೇ ತೆಗೆದು ಹಾಕಿ ನೋಡಿ. ಅಂಗಡಿಯಲ್ಲೇ ಕಷ್ಟವಾದರೆ ಮನೆಯಲ್ಲಿ ನೀವು ತೆಗೆಯುವುದೇ ಇಲ್ಲ.

ತೊಳೆಯುವ ವಿಷಯಕ್ಕೆ ಬರೋಣ. ಹೆಚ್ಚು ಮಷಿನ್ ಕೆಡುವುದು ಇಲ್ಲಿಯೇ. 'ತೊಳೆಯಬಹುದು' ಎಂದು ಬರೆದಿರುವ ಫಿಲ್ಟರನ್ನು ಮಾತ್ರ ತೊಳೆಯಿರಿ. ಮೊದಲು ಬಾಲ್ಕನಿಯಲ್ಲಿ ಡಸ್ಟ್‌ಬಿನ್ ಅಂಚಿಗೆ ಮೆಲ್ಲಗೆ ತಟ್ಟಿ ಒಣ ಧೂಳು ಉದುರಿಸಿ. ಆಮೇಲೆ ತಣ್ಣೀರನ್ನು ಸಣ್ಣದಾಗಿ ಬಿಟ್ಟು, ಸ್ವಚ್ಛ ಬದಿಯಿಂದ ಕೊಳೆ ಬದಿಗೆ ನೀರು ಹೋಗುವ ಹಾಗೆ ಹಿಡಿಯಿರಿ. ಸೋಪು ಬೇಡ, ಬ್ರಷ್ ಬೇಡ, ಹಿಂಡಬೇಡಿ. ನೀರು ತಿಳಿಯಾಗುವವರೆಗೆ ಬಿಡಿ. ನಂತರ ನೆರಳಲ್ಲಿ, ಗಾಳಿ ಆಡುವ ಕಡೆ ಕನಿಷ್ಠ 24 ಗಂಟೆ ಒಣಗಿಸಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯಲ್ಲಿ, ಎರಡು ಮೂರು ದಿನ ಬೇಕು. ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಮಡಿಕೆಗಳ ಒಳಗೆ ತೇವ ಇರುತ್ತದೆ. ಮಡಿಕೆಯ ನಡುವೆ ಟಿಶ್ಯೂ ಕಾಗದದ ಚೂರು ಒತ್ತಿ ನೋಡಿ. ತೇವ ಇದ್ದಾಗಲೇ ಹಾಕಿದರೆ ಧೂಳು ಕೆಸರಾಗಿ ಕೂರುತ್ತದೆ, ಎರಡನೇ ದಿನಕ್ಕೆ ಮುಗ್ಗಲು ವಾಸನೆ ಶುರುವಾಗುತ್ತದೆ. ಹೇರ್ ಡ್ರೈಯರ್ ಹಿಡಿಯುವ ಅಡ್ಡದಾರಿ ಬೇಡ, ಅಂಟು ಬಿಟ್ಟು ಮಡಿಕೆ ಸೊಟ್ಟಗಾಗುತ್ತದೆ.

ಕೆಲವನ್ನು ಎಳೆಯಲೇಬೇಡಿ. ಸಿಮೆಂಟ್, ಪುಟ್ಟಿ ಉಜ್ಜಿದ ಪುಡಿ, ರಂಗೋಲಿ ಪುಡಿ, ಊದಿನಕಡ್ಡಿಯ ಬಿಸಿ ಬೂದಿ. ನಮ್ಮ ಮನೆಗೆ ಬಣ್ಣ ಹೊಡೆಸಿದಾಗ "ಏನು ಬೇಕಾದರೂ ಎಳೆಯುತ್ತೆ" ಎಂದ ಮಾರಾಟಗಾರರ ಮಾತು ನಂಬಿ ಪುಟ್ಟಿ ಪುಡಿ ಎಳೆದೆ. ಒಂದೇ ಕೋಣೆ ಮುಗಿಯುವುದರೊಳಗೆ ಫಿಲ್ಟರ್ ಕಟ್ಟಿಕೊಂಡಿತು, ವಾರದಲ್ಲಿ ಮೋಟಾರು ಹೋಯಿತು. ಎಂಟು ವರ್ಷ ದುಡಿದ ಮಷಿನ್ ಅದು. ಇಂಥ ನಯ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೆಜ್ಜೆ 5: ಅಂಗಡಿಯಲ್ಲಿ ಓಡಿಸಿ

ಎತ್ತಿ ನೋಡಿ, ಸದ್ದು ಕೇಳಿ, ವೈರ್ ಎಷ್ಟು ಉದ್ದ ಅಳೆಯಿರಿ, ಸರ್ವಿಸ್ ಸೆಂಟರ್ ನಿಮ್ಮ ಊರಲ್ಲೇ ಇದೆಯಾ ಕೇಳಿ.

ಹೆಜ್ಜೆ 6: ಎಳೆತ ಕಡಿಮೆಯಾದರೆ ಹುಡುಕುವ ಕ್ರಮ

ಸರ್ವಿಸ್‌ಗೆ ಫೋನ್ ಮಾಡುವ ಮುಂಚೆ ಸದ್ದಿಗೆ ಕಿವಿ ಕೊಡಿ. ದಾರಿ ಕಟ್ಟಿಕೊಂಡಾಗ ಮೋಟಾರಿನ ಸದ್ದು ಕೀರಲಾಗುತ್ತದೆ. ತಳ್ಳಲು ಗಾಳಿ ಇಲ್ಲದೆ ಫ್ಯಾನು ಇನ್ನೂ ಜೋರಾಗಿ ತಿರುಗುವುದೇ ಕಾರಣ. ಅಂದರೆ ಮೋಟಾರು ಚೆನ್ನಾಗಿಯೇ ಇದೆ.

ಹಿಡಿಕೆಯ ಮುಚ್ಚಳ ನೋಡಿ, ಧೂಳಿನ ಚೀಲವೋ ಡಬ್ಬವೋ ತುಂಬಿದೆಯಾ ನೋಡಿ. ಆಮೇಲೆ ಸ್ವಿಚ್ ಆಫ್ ಮಾಡಿ, ಪೈಪನ್ನು ಮಷಿನ್‌ನಿಂದ ಬಿಡಿಸಿ. ಈಗ ಆನ್ ಮಾಡಿ ಮಷಿನ್‌ನ ಬಾಯಿಗೆ ಅಂಗೈ ಇಡಿ. ಜೋರಾಗಿ ಎಳೆದರೆ ತೊಂದರೆ ಪೈಪಿನಲ್ಲಿದೆ. ಎಳೆಯದಿದ್ದರೆ ಫಿಲ್ಟರಿನಲ್ಲಿದೆ. ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯುತ್ತದೆ.

ಪೈಪಿನಲ್ಲಿ ಅಂತಾದರೆ ಪ್ಲಗ್ ಕಿತ್ತು, ಪೈಪನ್ನು ನೆಟ್ಟಗೆ ಹಿಡಿದು ಮೇಲಿನಿಂದ ಒಂದು ಗೋಲಿ ಬಿಡಿ. ಕೆಳಗೆ ಬಂದರೆ ಪೈಪು ಸರಿಯಿದೆ, ನೆಲದ ಬಾಯಿಯ ಕತ್ತು ನೋಡಿ. ಬರದಿದ್ದರೆ ಸದ್ದು ಎಲ್ಲಿ ನಿಂತಿತೋ ಅಲ್ಲಿ ಕಸ ಇದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ತೆಂಗಿನ ಪೊರಕೆಯ ಕಡ್ಡಿಯ ತುಂಡು ಅಥವಾ ಹೇರ್‌ಪಿನ್. ಬಾಗಿದ ಕಡೆ ಅಡ್ಡ ಕೂರುತ್ತದೆ, ಅದಕ್ಕೆ ಕೂದಲು ಸುತ್ತಿಕೊಳ್ಳುತ್ತದೆ, ಕೂದಲಿಗೆ ಧೂಳು ಅಂಟುತ್ತದೆ. ಕಬ್ಬಿಣದ ಸರಳು ಹಾಕಿ ಚುಚ್ಚಬೇಡಿ, ಪೈಪು ತೂತಾಗುತ್ತದೆ. ತುದಿಗೆ ಬಟ್ಟೆ ಸುತ್ತಿದ ಮರದ ಕೋಲು ಸಾಕು. ಡ್ರಮ್ ಮಷಿನ್ ಆದರೆ ಪೈಪನ್ನು ಗಾಳಿ ಊದುವ ತೂತಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಚೀಲದೊಳಗೆ ಹಿಡಿದು ಊದಿಸಿ.

ಎಲ್ಲ ಸರಿಯಿದ್ದೂ ನೆಲದಲ್ಲಿ ಕಸ ಉಳಿಯುತ್ತಿದ್ದರೆ ಅಗಲ ಬಾಯಿಯ ಮೇಲಿನ ಕಾಲಿನ ಗುಂಡಿ ನೋಡಿ. ಟೈಲ್ಸಿಗೆ ಬ್ರಷ್ ಕೆಳಗೆ ಬಂದಿರಬೇಕು, ಕಾರ್ಪೆಟ್ಟಿಗೆ ಮೇಲೆ ಹೋಗಿರಬೇಕು. ಎಷ್ಟೋ ಮನೆಗಳಲ್ಲಿ ಇದು ಉಲ್ಟಾ ಇರುತ್ತದೆ.

ಓಡುತ್ತಾ ಓಡುತ್ತಾ ತಾನಾಗೇ ನಿಂತರೆ ಹೆದರಬೇಡಿ. ಬಿಸಿ ಜಾಸ್ತಿಯಾದಾಗ ಮೋಟಾರನ್ನು ಉಳಿಸಲು ಒಳಗಿನ ಕಟ್‌ಆಫ್ ನಿಲ್ಲಿಸುತ್ತದೆ. ಪ್ಲಗ್ ಕಿತ್ತು ಒಂದು ಗಂಟೆ ಬಿಡಿ, ಅಷ್ಟರಲ್ಲಿ ಫಿಲ್ಟರ್ ತೆಗೆದು ತಟ್ಟಿ.

ಇನ್ನೊಂದು ಕೆಲಸ ಕೊಂಡ ದಿನವೇ ಆಗಬೇಕು. ಒಂದು ಹೆಚ್ಚುವರಿ ಫಿಲ್ಟರ್ ಅಲ್ಲೇ ಕೊಳ್ಳಿ, ಒಂದು ಒಣಗುವಾಗ ಇನ್ನೊಂದು ಇರುತ್ತದೆ. ಅಂಗಡಿಯಲ್ಲಿ ಅದು ಸಿಗುವುದಿಲ್ಲ ಅಂದರೆ ಆ ಮಷಿನ್ ಬಿಟ್ಟು ಬೇರೆ ನೋಡಿ. ಫಿಲ್ಟರಿನ ನಂಬರನ್ನು ಮಾರ್ಕರಿನಲ್ಲಿ ಮುಚ್ಚಳದ ಒಳಬದಿಗೆ ಬರೆದಿಡಿ. ಚಿಕ್ಕಮ್ಮನ ಮಷಿನ್‌ನ ಮೇಲೆ ನಾನು ನಂಬರಿನ ಜೊತೆಗೆ ಜಾರುವ ಮುಚ್ಚಳದ ಪಕ್ಕ ಒಂದು ಬಾಣವನ್ನೂ ಬರೆದು, "ನೆಲಕ್ಕೆ ಈ ಕಡೆ" ಎಂದು ಚೀಟಿ ಅಂಟಿಸಿ ಬಂದಿದ್ದೇನೆ.