ಟೆರೇಸ್ ಮೇಲಿನ ಮೊಯಿನಾ: ಐದನೇ ಸಲ ಕೈ ಹಿಡಿಯಿತು

ಮೊಯಿನಾ ಅಂದರೆ ಮೀನಿನ ಮರಿಗಳಿಗೆ ತಿನ್ನಿಸಲು ಬೆಳೆಸುವ, ಚುಕ್ಕಿಯಷ್ಟು ಸಣ್ಣ ನೀರಿನ ಜೀವಿ. "ಮೊಯಿನಾ ಮನೇಲೆಲ್ಲ ನಿಲ್ಲಲ್ಲ ಸಾರ್, ಹದಿನೈದು ದಿನಕ್ಕೆ ಹೊರಟೋಗುತ್ತೆ" ಅಂತ ಮೀನಿನ ಅಂಗಡಿಯವರು ನಕ್ಕಿದ್ದರು. ನಾಲ್ಕು ಸಲ ಅವರ ಮಾತೇ ನಿಜವಾಯಿತು. ಐದನೇ ಸಲ ಹಾಕಿದ ಟಬ್ಬು ಹನ್ನೊಂದು ತಿಂಗಳಿಂದ ನಡೆಯುತ್ತಿದೆ. ಹೋದ ವಾರ ಅವರೇ ಬಂದು ಒಂದು ಬಾಟಲಿ ಬೀಜಕ್ಕೆ ತಗೊಂಡು ಹೋದರು. ದುಡ್ಡು ಕೇಳಲಿಲ್ಲ, ಸುಮ್ನೆ ನಕ್ಕೆ.

ಮೊದಲು ಫೈಟರ್ ಮೀನಿನ ಮರಿಗಳಿಗೆ ಆರ್ಟೀಮಿಯ ಹಾಕುತ್ತಿದ್ದೆ, ಅಂದರೆ ಮೊಟ್ಟೆ ತಂದು ಮರಿ ಮಾಡಿಸುವ ಉಪ್ಪುನೀರಿನ ಪುಟ್ಟ ಜೀವಿ. ಮೊಟ್ಟೆಗೇ ತಿಂಗಳಿಗೆ ಏಳೆಂಟು ನೂರು ರೂಪಾಯಿ ಹೋಗುತ್ತಿತ್ತು. ತಿನ್ನದೆ ಉಳಿದದ್ದು ಸಿಹಿನೀರಲ್ಲಿ ಕೆಲವೇ ಗಂಟೆಗೆ ಸತ್ತು ತಳ ಸೇರುತ್ತದೆ. ಮೊಯಿನಾ ಆದರೆ ಮರಿಯ ಬಾಯಿಗೆ ಸಿಗುವ ತನಕ ಈಜುತ್ತಲೇ ಇರುತ್ತದೆ.

ಮೊದಲ ಸಲ ಕಾವೇರಿ ನೀರನ್ನು ನಲ್ಲಿಯಿಂದ ನೇರ ಹಿಡಿದುಬಿಟ್ಟೆ. ಕ್ಲೋರಿನ್! ಬೆಳಗಾಗುವಷ್ಟರಲ್ಲಿ ತಳದಲ್ಲಿ ಸತ್ತ ಮೊಯಿನಾದ ಬಿಳಿ ಪುಡಿ. ಎರಡನೇ ಸಲ, ಮೂರನೇ ಸಲ ಕೊಂದದ್ದು ಯೀಸ್ಟ್. ಹೊಟ್ಟೆ ತುಂಬ ತಿನ್ನಲಿ ಅಂತ ಒಂದು ಚಮಚ ಹಾಕಿದ್ದೆ, ನೀರು ಮಜ್ಜಿಗೆಯಾಗಿ ನಾತ ಹೊಡೆಯಿತು. ನಾಲ್ಕನೇ ಸಲ ಚೆನ್ನಾಗಿಯೇ ಬಂದಿತ್ತು, ಆದರೆ ಏರೋಪ್ಲೇನ್ ಚಿಟ್ಟೆ ಮೊಟ್ಟೆ ಇಟ್ಟು ಹೋಗಿತ್ತು. ಅದರ ಮರಿಗಳು ಕೂತು ಉಂಡವು. ಈಗ ಮೇಲೆ ಸೊಳ್ಳೆ ಪರದೆ ಕಟ್ಟಿದ್ದೇನೆ.

ಈ ಸಲ ಯೀಸ್ಟ್ ಮುಟ್ಟಲಿಲ್ಲ. ಕಡಲೆಕಾಯಿ ಹಿಂಡಿ ತಂದೆ, ಕಿಲೋಗೆ ಅರವತ್ತೋ ಎಪ್ಪತ್ತೋ ಕೊಟ್ಟ ನೆನಪು. ಬೂಷ್ಟು ಹಿಡಿದದ್ದು ಬೇಡ. ಒಂದು ಹಿಡಿಯಲ್ಲಿ ಅರ್ಧದಷ್ಟು ರಾತ್ರಿ ನೆನೆಸಿ, ಹಳೇ ಪಂಚೆಯಲ್ಲಿ ಸೋಸಿ, ಆ ನೀರನ್ನಷ್ಟೇ 50 ಲೀಟರ್ ಟಬ್ಬಿಗೆ ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕುತ್ತೇನೆ. ಅಳತೆ ಏನೂ ಇಲ್ಲ. ಅಂಗೈ ಗೇಣುದ್ದ ಮುಳುಗಿಸಿದರೆ ಬೆರಳು ಮಸುಕಾಗಿಯಾದರೂ ಕಾಣಬೇಕು. ಕಾಣದಿದ್ದರೆ ಆ ದಿನ ಉಪವಾಸ. ಹಿಂಡಿ ನೀರಿಗೆ ಇನ್ನೊಂದು ಚಿಟಿಕೆ ಬೇರೆ ಸೇರಿಸುತ್ತೇನೆ, ಅದನ್ನು ಮಾತ್ರ ಕೇಳಬೇಡಿ!

ಬೆಳಿಗ್ಗೆ ಗಾಜಿನ ಲೋಟದಲ್ಲಿ ಒಂದಿಷ್ಟು ನೀರು ಮೊಗೆದು ಬಿಸಿಲಿಗೆ ಹಿಡಿದು ನೋಡುತ್ತೇನೆ. ಚುಕ್ಕಿಗಳು ಕುಪ್ಪಳಿಸುತ್ತಿರಬೇಕು. ಮೈ ಕೆಂಪಗಾಗಿದ್ದರೆ ಆಮ್ಲಜನಕ ಕಡಿಮೆ ಅಂತ ಅರ್ಥ, ಆಗ ಅರ್ಧ ನೀರು ಬದಲು. ಕಾಲು ಭಾಗ ಮೊಯಿನಾ ದಿನಾ ಸೋಸಿ ತೆಗೆಯಲೇಬೇಕು. ಕನಿಕರ ತೋರಿಸಿ ಬಿಟ್ಟರೆ ಜಾಸ್ತಿಯಾಗಿ ಒಂದೇ ರಾತ್ರಿಗೆ ಎಲ್ಲ ಸಾಯುತ್ತವೆ. ಎರಡನೇ ಟಬ್ಬು ಇಟ್ಟಿರುವುದೂ ಇದೇ ಭಯಕ್ಕೆ.

ಈಜಲು ಶುರುಮಾಡಿದ ಮರಿಗೆ ಮೊದಲ ಮೂರ್ನಾಲ್ಕು ದಿನ ಮೊಯಿನಾ ದೊಡ್ಡದಾಗುತ್ತದೆ, ಗೊತ್ತಲ್ವಾ. ಅದಕ್ಕೆ ಮೈಕ್ರೋವರ್ಮ್ ಅನ್ನೋ ತೀರಾ ಸಣ್ಣ ಹುಳು ಹಾಕುತ್ತೇನೆ. ಆ ಹುಳು ಬೆಳೆಸೋಕೆ ಎಲ್ಲರೂ ಓಟ್ಸ್ ಅಂತಾರೆ, ನಾನು ಮಿಕ್ಕ ರಾಗಿಮುದ್ದೆ ಕಿವುಚಿ ಐಸ್‌ಕ್ರೀಮ್ ಡಬ್ಬಿಗೆ ಹಾಕಿ ನೋಡಿದೆ. ವಾರದೊಳಗೆ ಡಬ್ಬಿಯ ಗೋಡೆ ತುಂಬ ಹತ್ತಿದ್ದವು. ಇಡ್ಲಿ ಹಿಟ್ಟು ಮಾತ್ರ ಕೈಕೊಟ್ಟಿತು, ಎರಡನೇ ದಿನವೇ ಉಕ್ಕಿ ಹೊರಗೆ ಬಂತು. ಅಡುಗೆಮನೆ ಕಟ್ಟೆ ಒರೆಸುತ್ತಾ ಅಮ್ಮ ಅಂದದ್ದನ್ನು ಇಲ್ಲಿ ಬರೆಯಲಾರೆ.